ಸೊನ್ನೆಗೆ ಎರಡು ಅರ್ಥ ಬಂದಾಗ

ಕಳೆದ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಲ್ಯಾಬ್ ಅಂಕಗಳ ಪಟ್ಟಿ ತಯಾರಿಸಲು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಕೊಟ್ಟರೆ ಅದು ಫೈಲಿನಲ್ಲಿ ಹುಡುಕಿ, 30ಕ್ಕೆ ಎಷ್ಟು ಬಂದಿದೆ ಎಂದು ಹೇಳಬೇಕು. ಎರಡು ಸಲ ಪರೀಕ್ಷಿಸಿದೆ, ಸರಿಯಾಗಿ ಓಡಿತು. ಪಟ್ಟಿಯನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಾಕಿಸಿದೆ. ಅದೇ ಮಧ್ಯಾಹ್ನ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಸರ್, ನಾನು ಪ್ರಾಕ್ಟಿಕಲ್‌ಗೆ ಬಂದಿದ್ದೆ, ಪ್ರೋಗ್ರಾಂ ಔಟ್‌ಪುಟ್ ಕೂಡ ಬಂದಿತ್ತು. ನನ್ನ ಹೆಸರಿನ ಮುಂದೆ ಸೊನ್ನೆ ಇದೆ" ಎಂದಳು. ಅವಳ ಧ್ವನಿ ಗಟ್ಟಿಯಾಗಿರಲಿಲ್ಲ. ಆ ಹೊತ್ತಿಗಾಗಲೇ ಪಟ್ಟಿಯನ್ನು ಅರ್ಧ ತರಗತಿ ನೋಡಿ ಆಗಿತ್ತು.

ಅವಳ ಉತ್ತರ ಪತ್ರಿಕೆ ತೆಗೆದು ನೋಡಿದರೆ 26 ಅಂಕ. ಫೈಲಿನಲ್ಲೂ 26 ಎಂದೇ ಇತ್ತು. ಆದರೆ ಟೈಪ್ ಮಾಡುವಾಗ ಅವಳ ನೋಂದಣಿ ಸಂಖ್ಯೆಯ ನಡುವೆ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ನನ್ನ ಫಂಕ್ಷನ್ ಹುಡುಕಿತು, ಸಿಗಲಿಲ್ಲ, 0 ಹಿಂತಿರುಗಿಸಿತು. ಪ್ರಿಂಟ್ ಮಾಡುವ ಭಾಗ ಆ 0 ಅನ್ನು ಅಂಕವೆಂದು ತಿಳಿದು ಅವಳ ಹೆಸರಿನ ಮುಂದೆ ಬರೆಯಿತು. "ಈ ಸಂಖ್ಯೆ ನನಗೆ ಸಿಗಲಿಲ್ಲ" ಮತ್ತು "ಈ ವಿದ್ಯಾರ್ಥಿಗೆ ಸೊನ್ನೆ ಬಂದಿದೆ" ಎಂಬ ಎರಡು ಬೇರೆ ಮಾತುಗಳಿಗೆ ನಾನು ಒಂದೇ ಉತ್ತರ ಇಟ್ಟಿದ್ದೆ.

ಇದು ನನ್ನಂಥವರು ಅವಸರದಲ್ಲಿ ಮಾಡುವ ತಪ್ಪು ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಲಿನಕ್ಸ್ ಕರ್ನಲ್‌ನಲ್ಲಿ ಮೆಮರಿ ದೋಷಗಳನ್ನು ನಿಭಾಯಿಸುವ ಕೋಡ್ ಓದುತ್ತಾ ಹೋದಾಗ ಇದೇ ತಪ್ಪು ಅಲ್ಲಿಯೂ ಆಗಿದ್ದು, ಅದನ್ನು ತಿದ್ದಿದ್ದು, ತಿದ್ದಿದ ಮೇಲೂ ಮತ್ತೆ ಎರಡು ಸಲ ತಿದ್ದಬೇಕಾಗಿ ಬಂದದ್ದು ಕಂಡಿತು. ಆ ಕಥೆಯನ್ನೇ ಈ ಸಂಚಿಕೆಯ ಪಾಠವಾಗಿ ಬರೆಯುತ್ತಿದ್ದೇನೆ. ಕಾಮರ್ಸ್ ವಿಭಾಗದವರೂ ಓದಬಹುದು, ಗಣಿತ ಏನೂ ಇಲ್ಲ.

ಮೊದಲು ರಿಟರ್ನ್ ವ್ಯಾಲ್ಯೂ ಎಂದರೇನು ಎಂಬುದು. ಅಮ್ಮಿ ನಿಮ್ಮ ತಮ್ಮನನ್ನು ಕೊತ್ತಂಬರಿ ಸೊಪ್ಪು ತರಲು ಅಂಗಡಿಗೆ ಕಳಿಸುತ್ತಾರೆ. ಅವನು ಬಂದು ಹೊರಗಿನಿಂದಲೇ "ಆಯ್ತು" ಎಂದು ಕೂಗಿ ಆಡಲು ಓಡುತ್ತಾನೆ. ಏನು ಆಯ್ತು? ಸೊಪ್ಪು ತಂದು ಇಟ್ಟಿದ್ದಾನೆಯೇ, ಅಂಗಡಿ ಮುಚ್ಚಿತ್ತೇ, ಅಥವಾ ಅಣ್ಣ ಮೊದಲೇ ತಂದಿದ್ದಾನೆ ಎಂದು ತಿಳಿದು ದಾರಿಯಿಂದಲೇ ವಾಪಸ್ ಬಂದನೇ? ಒಲೆಯ ಮುಂದೆ ನಿಂತ ಅಮ್ಮಿ ಮುಂದೇನು ಮಾಡಬೇಕು ಎಂಬುದು ಆ ಒಂದು ಪದವನ್ನು ಅವಲಂಬಿಸಿದೆ. ಫಂಕ್ಷನ್ನನ್ನು ಕರೆದ ಕೋಡ್ ಅಮ್ಮಿಯ ಜಾಗದಲ್ಲಿದೆ. ಕರೆಸಿಕೊಂಡ ಫಂಕ್ಷನ್ ಒಳಗೆ ಏನೇನು ಮಾಡಿತು ಎಂಬುದು ಅದಕ್ಕೆ ಕಾಣುವುದಿಲ್ಲ. ಕೈಗೆ ಬರುವುದು ಒಂದು ಸಂಖ್ಯೆ ಮಾತ್ರ.

ಲಿನಕ್ಸ್ ಕರ್ನಲ್ ಬಹುಪಾಲು ಸಿ ಭಾಷೆಯಲ್ಲಿದೆ. ಅಲ್ಲಿನ ರೂಢಿ ಹೀಗಿದೆ: ಕೆಲಸ ಸರಿಯಾಗಿ ಮುಗಿದರೆ 0, ಮುಗಿಯದಿದ್ದರೆ ಒಂದು ಋಣ ಸಂಖ್ಯೆ. ಪ್ರತಿ ಬಗೆಯ ವೈಫಲ್ಯಕ್ಕೂ ಒಂದು ಸಂಖ್ಯೆ, ಒಂದು ಹೆಸರು. ವಿಳಾಸ ತಪ್ಪಾಗಿದ್ದರೆ ಇ-ಫಾಲ್ಟ್, ಅಂದರೆ -14. ವಸ್ತು ಬೇರೆಯವರ ಕೈಯಲ್ಲಿದ್ದು ಬಿಡುವಿಲ್ಲದಿದ್ದರೆ ಇ-ಬಿಸಿ, -16. ಸೊನ್ನೆಯನ್ನೇ ಏಕೆ ಯಶಸ್ಸಿಗೆ ಇಟ್ಟರು ಎಂದು ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಕೆಲಸ ಕೆಡಲು ಹಲವು ದಾರಿಗಳಿವೆ, ಅವೆಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಸರಿಯಾಗಲು ಒಂದೇ ಬಗೆ ಇದೆ ಎಂದು ಭಾವಿಸಿದ್ದರಿಂದ ಅದಕ್ಕೆ ಒಂದೇ ಸಂಖ್ಯೆ ಸಾಕಾಯಿತು. ಈ ಭಾವನೆಯೇ ಮುಂದೆ ತೊಂದರೆ ಕೊಡುತ್ತದೆ, ನೋಡಿ.

ಈಗ ಮೆಮರಿ ದೋಷದ ವಿಷಯ. ರ‍್ಯಾಮ್‌ನಲ್ಲಿ ಪ್ರತಿ ಬಿಟ್ ಒಂದು ಅತಿ ಸಣ್ಣ ವಿದ್ಯುತ್ ಚಾರ್ಜ್. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳಿಂದಲೋ, ಚಿಪ್ ಹಳತಾಗಿ ಸವೆದದ್ದರಿಂದಲೋ ಕೆಲವೊಮ್ಮೆ 0 ಇದ್ದದ್ದು 1 ಆಗಿಬಿಡುತ್ತದೆ. ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಿಗೆ ಇದು ಗೊತ್ತೇ ಆಗುವುದಿಲ್ಲ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಬುಕಿಂಗ್ ಇಂಥ ಕಡೆಯ ಸರ್ವರ್‌ಗಳಲ್ಲಿ ಇಸಿಸಿ ಎಂಬ ಬಗೆಯ ಮೆಮರಿ ಬಳಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಪ್ರತಿ 64 ಬಿಟ್ ಮಾಹಿತಿಯ ಜೊತೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ಕೆಟ್ಟರೆ ಯಾವುದು ಕೆಟ್ಟಿತೆಂದು ಲೆಕ್ಕ ಹಾಕಿ ತಾನೇ ತಿದ್ದುತ್ತದೆ. ಎರಡು ಬಿಟ್ ಕೆಟ್ಟರೆ ತಿದ್ದಲು ಆಗದು, ಆದರೆ ಕೆಟ್ಟಿದೆ ಎಂದು ಖಂಡಿತ ಹೇಳುತ್ತದೆ. ಇದರ ಮೂಲ ವಿಚಾರ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ್ದು. ಅದು ಬಹಳ ಸುಂದರವಾದ ಗಣಿತ, ಬೇರೆಯದೇ ಲೇಖನ ಬೇಕು.

ತಿದ್ದಲಾಗದ ದೋಷವಿರುವ ಜಾಗವನ್ನು ಒಂದು ಪ್ರೋಗ್ರಾಂ ಓದಲು ಹೋಯಿತು ಎನ್ನಿ. ಪ್ರೊಸೆಸರ್ ಅಲ್ಲಿಯೇ ತಡೆದು ಮಷೀನ್ ಚೆಕ್ ಎಂಬ ಎಚ್ಚರಿಕೆ ಎಬ್ಬಿಸುತ್ತದೆ, ನಿಯಂತ್ರಣ ಕರ್ನಲ್ ಕೈಗೆ ಬರುತ್ತದೆ. ಹಿಂದೆ ಇಂಥ ದೋಷ ಬಂದರೆ ಬಹುಮಟ್ಟಿಗೆ ಇಡೀ ಯಂತ್ರವೇ ನಿಲ್ಲುತ್ತಿತ್ತು. ಒಂದು ಪ್ರೋಗ್ರಾಂನ ಒಂದು ಪುಟ ಕೆಟ್ಟದ್ದಕ್ಕೆ ಆ ಸರ್ವರಿನಲ್ಲಿದ್ದ ಎಲ್ಲರ ಕೆಲಸ ಹೋಗುವುದು ಅನ್ಯಾಯವಷ್ಟೆ. ಹಾಗಾಗಿ 2009ರ ಕೊನೆಗೆ ಬಂದ ಲಿನಕ್ಸ್ 2.6.32ರಲ್ಲಿ ಆಂಡಿ ಕ್ಲೀನ್ ಮತ್ತು ಸಂಗಡಿಗರು ಬರೆದ ಹೊಸ ಕೋಡ್ ಸೇರಿತು. ಅದರ ಮುಖ್ಯ ಫಂಕ್ಷನ್ನಿನ ಹೆಸರು ಮೆಮರಿ ಫೇಲ್ಯೂರ್.

ಅದು ಮಾಡುವ ಕೆಲಸ ಹೀಗೆ. ಮೆಮರಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಂಗಡಿಸಿರುತ್ತಾರೆ. ಕೆಟ್ಟ ಪುಟಕ್ಕೆ "ವಿಷ ತಗುಲಿದೆ" ಎಂಬ ಗುರುತು ಹಾಕುತ್ತದೆ. ಕೋಡಿನಲ್ಲಿಯೂ ಇದಕ್ಕೆ ಪಾಯ್ಸನ್ ಎಂದೇ ಹೆಸರು. ಆ ಪುಟವನ್ನು ಯಾವ ಯಾವ ಪ್ರೋಗ್ರಾಂ ಬಳಸುತ್ತಿದೆ ಎಂದು ಹುಡುಕಿ ಅವುಗಳ ಪುಟ-ಪಟ್ಟಿಯಿಂದ, ಅಂದರೆ ಪೇಜ್ ಟೇಬಲ್‌ನಿಂದ, ಅದನ್ನು ತೆಗೆಯುತ್ತದೆ. ಪುಟ ಸ್ವಚ್ಛವಾಗಿದ್ದರೆ, ಅಂದರೆ ಅದೇ ಮಾಹಿತಿಯ ಪ್ರತಿ ಡಿಸ್ಕಿನಲ್ಲಿ ಹಾಗೆಯೇ ಇದ್ದರೆ, ಚಿಂತೆಯಿಲ್ಲ. ಕೆಟ್ಟ ಪುಟ ಬಿಸಾಡಿ, ಬೇಕಾದಾಗ ಡಿಸ್ಕಿನಿಂದ ಹೊಸದಾಗಿ ತಂದರಾಯಿತು. ಪ್ರೋಗ್ರಾಂ ಅದರ ಮೇಲೆ ಹೊಸದಾಗಿ ಏನಾದರೂ ಬರೆದು ಅದು ಇನ್ನೂ ಡಿಸ್ಕಿಗೆ ಹೋಗಿರದಿದ್ದರೆ ಆ ಮಾಹಿತಿ ಹೋದಂತೆಯೇ. ಆಗ ಆ ಪ್ರೋಗ್ರಾಂಗೆ ಸಿಗ್‌ಬಸ್ ಎಂಬ ಸಂಕೇತ ಕಳಿಸುತ್ತದೆ. ಅದನ್ನು ನಿಭಾಯಿಸುವ ವ್ಯವಸ್ಥೆ ಪ್ರೋಗ್ರಾಂನಲ್ಲಿ ಇಲ್ಲದಿದ್ದರೆ ಅದು ಅಲ್ಲಿಗೆ ಸತ್ತಿತು. ಕ್ರೂರ ಅನಿಸಬಹುದು. ಆದರೆ ಕೆಟ್ಟ ಅಂಕಿ ಇಟ್ಟುಕೊಂಡು ನಿಮ್ಮ ಖಾತೆಯ ಲೆಕ್ಕ ಮುಂದುವರಿಸುವುದಕ್ಕಿಂತ ನಿಲ್ಲುವುದು ಮೇಲು.

ಮೆಮರಿ ಫೇಲ್ಯೂರ್ ಫಂಕ್ಷನ್ನನ್ನು ಕರೆಯುವವರಲ್ಲಿ ಒಬ್ಬನ ಹೆಸರು ಕಿಲ್ ಮಿ ಮೇಬಿ. "ನನ್ನನ್ನು ಕೊಲ್ಲು, ಬಹುಶಃ" ಎಂದರ್ಥ. ತಮಾಷೆಗೆ ಹೇಳುತ್ತಿಲ್ಲ, ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳ ಮಷೀನ್ ಚೆಕ್ ಕೋಡಿನಲ್ಲಿ ಈ ಹೆಸರು ನಿಜವಾಗಿಯೂ ಇದೆ. ಕೆಟ್ಟ ಪುಟವನ್ನು ಮುಟ್ಟಿದ ಪ್ರೋಗ್ರಾಂನ ಪರವಾಗಿ ಇದು ಓಡುತ್ತದೆ. ಮೆಮರಿ ಫೇಲ್ಯೂರ್‌ನಿಂದ 0 ಬಂದರೆ "ಸರಿಹೋಯಿತು" ಎಂದು ಪ್ರೋಗ್ರಾಂ ಮುಂದುವರಿಯಲು ಬಿಡುತ್ತದೆ. ದೋಷ ಸಂಖ್ಯೆ ಬಂದರೆ "ಚೇತರಿಸಿಕೊಳ್ಳಲಾಗಲಿಲ್ಲ" ಎಂದು ಲಾಗ್‌ನಲ್ಲಿ ಬರೆದು ಸಿಗ್‌ಬಸ್ ಕಳಿಸುತ್ತದೆ.

ತೊಂದರೆ ಎಲ್ಲಿತ್ತು? ಪುಟಕ್ಕೆ ಮೊದಲೇ ವಿಷದ ಗುರುತು ಬಿದ್ದಿದ್ದರೆ ಮೆಮರಿ ಫೇಲ್ಯೂರ್ ಫಂಕ್ಷನ್ 0 ಹಿಂತಿರುಗಿಸುತ್ತಿತ್ತು. ಅದರ ದೃಷ್ಟಿಯಿಂದ ನೋಡಿದರೆ ಇದು ತಪ್ಪಲ್ಲ. "ಈ ಪುಟವನ್ನು ಈಗಾಗಲೇ ಯಾರೋ ನೋಡಿಕೊಂಡಿದ್ದಾರೆ, ನನಗೆ ಮಾಡಲು ಏನೂ ಉಳಿದಿಲ್ಲ." ದಾರಿಯಿಂದಲೇ ವಾಪಸ್ ಬಂದ ತಮ್ಮನ "ಆಯ್ತು" ಇದೇ.

ಕರೆದವನ ಕಡೆಯಿಂದ ನೋಡಿ. ಒಂದು ಪ್ರೋಗ್ರಾಂನ ಎರಡು ಥ್ರೆಡ್‌ಗಳು ಎರಡು ಪ್ರೊಸೆಸರ್‌ಗಳ ಮೇಲೆ ಓಡುತ್ತಿವೆ, ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಒಂದೇ ಕೆಟ್ಟ ಪುಟವನ್ನು ಮುಟ್ಟಿದವು. ಮೊದಲನೆಯದರ ಪರವಾಗಿ ಬಂದ ಕರೆ ಗುರುತು ಹಾಕಿ ಕೆಲಸ ಶುರು ಮಾಡಿತು. ಎರಡನೆಯ ಕರೆ ಬಂದು ನೋಡಿದರೆ ಗುರುತು ಇದೆ. 0 ಸಿಕ್ಕಿತು. ಕಿಲ್ ಮಿ ಮೇಬಿ ಎಲ್ಲ ಸರಿಯಾಯಿತೆಂದು ನಂಬಿ ಸಿಗ್‌ಬಸ್ ಕಳಿಸದೆ ಬಿಟ್ಟಿತು. ಥ್ರೆಡ್ ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಅಂದರೆ ಕೆಟ್ಟ ಜಾಗವನ್ನು ಓದುವ ಅದೇ ಸೂಚನೆಯಿಂದಲೇ, ಮತ್ತೆ ಶುರುವಾಯಿತು. ಮತ್ತೆ ಮಷೀನ್ ಚೆಕ್. ಮತ್ತೆ ಕರೆ. ಗುರುತು ಇದೆ, 0. ಮತ್ತೆ ಅದೇ ಸೂಚನೆ. ಪುಟ ಇನ್ನೂ ಪಟ್ಟಿಯಲ್ಲಿ ಉಳಿದಿದ್ದರೆ ಇದಕ್ಕೆ ಕೊನೆಯೇ ಇಲ್ಲ. ತಾನು ಯಶಸ್ವಿಯಾಗುತ್ತಿದ್ದೇನೆ ಎಂದು ಪ್ರತಿ ಸುತ್ತಿನಲ್ಲೂ ಹೇಳಿಕೊಳ್ಳುತ್ತಾ ಸುತ್ತುವ ಲೂಪ್ ಇದು. ನನ್ನ ಪ್ರಕಾರ ದೋಷ ಸಂಖ್ಯೆ ತಪ್ಪಾಗಿ ಬರುವುದಕ್ಕಿಂತ ಯಶಸ್ಸು ತಪ್ಪಾಗಿ ಬರುವುದು ಹೆಚ್ಚು ಅಪಾಯ, ಏಕೆಂದರೆ ಯಶಸ್ಸನ್ನು ಯಾರೂ ಮರುಪರಿಶೀಲಿಸುವುದಿಲ್ಲ.

2021ರಲ್ಲಿ ಇದನ್ನು ತಿದ್ದಿದರು. ಮೊದಲೇ ವಿಷ ತಗುಲಿದ್ದರೆ 0 ಬದಲು ಇ-ಹೆಚ್‌ಡಬ್ಲ್ಯೂ-ಪಾಯ್ಸನ್ ಎಂಬ ಪ್ರತ್ಯೇಕ ಸಂಖ್ಯೆ, -133. ಹಾಗಾದರೆ ಎರಡನೆಯ ಥ್ರೆಡ್‌ಗೆ ಸಿಗ್‌ಬಸ್ ಕಳಿಸುವವರು ಯಾರು? ಅದಕ್ಕೆಂದು ಅದೇ ಹೊತ್ತಿನಲ್ಲಿ ಇನ್ನೊಂದು ಫಂಕ್ಷನ್ ಸೇರಿಸಿದರು. ಕಿಲ್ ಆಕ್ಸೆಸಿಂಗ್ ಪ್ರೋಸೆಸ್ ಎಂದು ಹೆಸರು. ಅದು ಪ್ರೋಗ್ರಾಂನ ಪೇಜ್ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ನಡೆದು ಕೆಟ್ಟ ಪುಟ ಯಾವ ವಿಳಾಸದಲ್ಲಿದೆ ಎಂದು ಪತ್ತೆ ಮಾಡಿ, ಆ ವಿಳಾಸ ಸಮೇತ ಸಿಗ್‌ಬಸ್ ಕಳಿಸುತ್ತದೆ. ಕಿಲ್ ಮಿ ಮೇಬಿಗೂ ಒಂದು ಸಾಲು ಸೇರಿತು: -133 ಬಂದರೆ ಸಂಕೇತ ಆಗಲೇ ಹೋಗಿದೆ, ನೀನು ಮತ್ತೆ ಕಳಿಸಬೇಡ. ಈ ಎರಡನೆಯ ಬದಲಾವಣೆಯನ್ನು ಗಮನಿಸಿ. ಫಂಕ್ಷನ್ನಿನ ಉತ್ತರ ಬದಲಾಯಿಸಿದರೆ ಆ ಉತ್ತರ ಕೇಳುವವರನ್ನೂ ಬದಲಾಯಿಸಬೇಕು.

ಇಷ್ಟು ಎಚ್ಚರವಹಿಸಿದರೂ ಹೊಸ ಫಂಕ್ಷನ್ನಿನ ಕೊನೆಯ ಸಾಲಿನಲ್ಲೇ ಎಡವಿದರು. ಪೇಜ್ ಟೇಬಲ್ ನಡೆಯುವ ಕೋಡ್ ಕೆಟ್ಟ ಪುಟ ಸಿಕ್ಕರೆ 1 ಕೊಡುತ್ತದೆ, ಕೊನೆಯವರೆಗೆ ನಡೆದರೂ ಸಿಗದಿದ್ದರೆ 0. ಹುಡುಕುವ ಫಂಕ್ಷನ್‌ಗಳಲ್ಲಿ 1 ಎಂದರೆ "ಸಿಕ್ಕಿತು", ಒಳ್ಳೆಯ ಸುದ್ದಿ. ಆದರೆ ಕೊನೆಯ ಸಾಲು ಬರೆದವರ ಕೈ ಕರ್ನಲ್‌ನ ಸಾಮಾನ್ಯ ರೂಢಿಯಂತೆ ಓಡಿತು: ಸೊನ್ನೆಯಲ್ಲದ್ದು ಬಂದರೆ ದೋಷ, ಸೊನ್ನೆ ಬಂದರೆ ಸರಿ. ಹಾಗಾಗಿ 1 ಬಂದಾಗ -14, 0 ಬಂದಾಗ -133 ಹಿಂತಿರುಗುವಂತಾಯಿತು. ಪೂರ್ತಿ ತಲೆಕೆಳಗು. ಪರಿಣಾಮ ಏನೆಂದರೆ, ಸಿಗ್‌ಬಸ್ ಸರಿಯಾಗಿ ಹೋದ ಮೇಲೂ ಕಿಲ್ ಮಿ ಮೇಬಿಗೆ -14 ಸಿಕ್ಕಿ, ಅದು ಲಾಗ್‌ನಲ್ಲಿ "ಚೇತರಿಸಿಕೊಳ್ಳಲಾಗಲಿಲ್ಲ" ಎಂದು ಬರೆದು ಇನ್ನೊಂದು ಸಿಗ್‌ಬಸ್ ಕಳಿಸುತ್ತಿತ್ತು. ಒಂದೇ ಘಟನೆಯ ಲಾಗ್‌ನಲ್ಲಿ ಮೊದಲು "ಚೇತರಿಸಿಕೊಂಡಿತು", ಕೆಲವು ಸಾಲು ಕೆಳಗೆ "ಚೇತರಿಸಿಕೊಳ್ಳಲಾಗಲಿಲ್ಲ". ರಾತ್ರಿ ಪಾಳಿಯಲ್ಲಿ ಆ ಲಾಗ್ ನೋಡುವವನ ಪಾಡು ಊಹಿಸಿಕೊಳ್ಳಿ. 2022ರಲ್ಲಿ ಆ ಸಾಲು ಬದಲಾಯಿತು: ಸೊನ್ನೆಗಿಂತ ಹೆಚ್ಚು ಬಂದರೆ -133, ಇಲ್ಲವಾದರೆ -14.

ಈಗ ಸರಿಯಾಯಿತು ಅನ್ನಿಸುತ್ತದೆ ಅಲ್ಲವೇ? ನಾನು ಇದನ್ನು ಓದಿದಾಗ ನನಗೂ ಹಾಗೇ ಅನ್ನಿಸಿತು. ಮುಂದೆ ಓದುವ ಮೊದಲು ಒಂದು ನಿಮಿಷ ನಿಲ್ಲಿಸಿ, ಮೇಲೆ ಹೇಳಿದ ಸ್ವಚ್ಛ ಪುಟದ ವಿಷಯ ನೆನಪಿಸಿಕೊಳ್ಳಿ. ಕೊನೆಯವರೆಗೆ ನಡೆದರೂ ಕೆಟ್ಟ ಪುಟ ಸಿಗದಿರಲು ಕಾರಣ ಏನಿರಬಹುದು?

ಒಂದೇ ದೋಷದ ಬಗ್ಗೆ ಎರಡು ಕಡೆಯಿಂದ ದೂರು ಬರುವುದುಂಟು. ಮೆಮರಿ ಕಂಟ್ರೋಲರ್ "ನನ್ನಲ್ಲಿ ಕೆಟ್ಟ ಮಾಹಿತಿ ಕಂಡಿದೆ" ಎಂದು ತನ್ನದೇ ದಾರಿಯಲ್ಲಿ ತಿಳಿಸುತ್ತದೆ. ಪ್ರೊಸೆಸರಿನ ಕೋರ್ "ಈ ಮಾಹಿತಿಯನ್ನು ನಾನು ಈಗ ಬಳಸಲಿದ್ದೇನೆ, ತಡೆಯಿರಿ" ಎಂದು ಮಷೀನ್ ಚೆಕ್ ಎಬ್ಬಿಸುತ್ತದೆ. ಯಾವುದು ಮೊದಲು ತಲುಪುತ್ತದೆ ಎಂಬುದು ಆ ಕ್ಷಣದ ಅದೃಷ್ಟ. ಕಂಟ್ರೋಲರ್ ದೂರು ಮೊದಲು ಬಂತು, ಪುಟ ಸ್ವಚ್ಛವಾಗಿತ್ತು ಎನ್ನಿ. ಉದಾಹರಣೆಗೆ ಪ್ರೋಗ್ರಾಂನ ಸೂಚನೆಗಳೇ ಇರುವ ಪುಟ. ಅವು ಡಿಸ್ಕಿನಲ್ಲಿರುವ ಫೈಲಿನಿಂದ ಬಂದವು, ಯಾರೂ ಅದರ ಮೇಲೆ ಬರೆದಿರುವುದಿಲ್ಲ. ಮೆಮರಿ ಫೇಲ್ಯೂರ್ ಆ ಪುಟಕ್ಕೆ ಗುರುತು ಹಾಕಿ, ಪಟ್ಟಿಯಿಂದ ತೆಗೆದು, ಬಿಸಾಡಿ ಮುಗಿಸಿತು. ಆಮೇಲೆ ಮಷೀನ್ ಚೆಕ್ ಬಂತು. ಗುರುತು ಇದೆ. ಪೇಜ್ ಟೇಬಲ್ ನಡೆದು ನೋಡಿದರೆ ಪುಟ ಇಲ್ಲ, ಏಕೆಂದರೆ ಅದನ್ನು ತೆಗೆದಾಗಿದೆ. ನಡೆದ ಕೋಡ್ 0 ಎಂದಿತು, ಕೊನೆಯ ಸಾಲು ಅದನ್ನು -14 ಮಾಡಿತು, ಕಿಲ್ ಮಿ ಮೇಬಿ ಪ್ರೋಗ್ರಾಂ ಅನ್ನು ಕೊಂದಿತು. ಸುಮ್ಮನೆ ಬಿಟ್ಟಿದ್ದರೆ ಡಿಸ್ಕಿನಿಂದ ಹೊಸ ಪುಟ ಬಂದು ಅದು ಏನೂ ಆಗದಂತೆ ಓಡುತ್ತಿತ್ತು. ಚೇತರಿಸಿಕೊಂಡ ರೋಗಿಯ ಹೆಸರನ್ನು ಸತ್ತವರ ಪಟ್ಟಿಗೆ ಬರೆದಂತೆ.

2025ರಲ್ಲಿ ಆ ಸಾಲು ಎರಡನೆಯ ಸಲ ಬದಲಾಯಿತು. ಸಿಕ್ಕರೆ -133. ಸಿಗದಿದ್ದರೆ 0.

ಹೌದು, 2021ರಲ್ಲಿ ತಪ್ಪೆಂದು ತೆಗೆದ ಅದೇ 0. ಗುರುತು ಮೊದಲೇ ಇದೆ ಎಂಬ ಒಂದೇ ಕಾರಣಕ್ಕೆ ಕೊಟ್ಟ 0 ಸುಳ್ಳಾಗಿತ್ತು, ಏಕೆಂದರೆ ಪುಟ ಇನ್ನೂ ಪ್ರೋಗ್ರಾಂನ ಕೈಯಲ್ಲಿದೆಯೋ ಇಲ್ಲವೋ ಎಂದು ಆಗ ಯಾರೂ ನೋಡಿರಲಿಲ್ಲ. ಈಗಿನ 0 ಪಟ್ಟಿಯನ್ನೆಲ್ಲ ನಡೆದು ನೋಡಿ, ಕೆಟ್ಟ ಪುಟ ಅಲ್ಲಿಲ್ಲ ಎಂದು ಖಚಿತಪಡಿಸಿಕೊಂಡು ಕೊಟ್ಟದ್ದು. ಪ್ರೋಗ್ರಾಂ ಮುಂದುವರಿದರೆ ಅದು ಮತ್ತೆ ವಿಷ ಮುಟ್ಟುವುದಿಲ್ಲ. ಕರೆದವನು ಈ ಉತ್ತರ ಕೇಳಿ ಮಾಡುವ ಕೆಲಸವೂ ಅದೇ, ಮುಂದುವರಿಯಲು ಬಿಡುವುದು. ಸಂಖ್ಯೆ ಸರಿಯೋ ತಪ್ಪೋ ಎಂದು ಅದನ್ನಷ್ಟೇ ನೋಡಿ ಹೇಳಲಾಗದು. ಅದನ್ನು ಪಡೆದವನು ಮುಂದೇನು ಮಾಡುತ್ತಾನೆ ಎಂಬುದನ್ನು ತೆರೆದು ಓದಲೇಬೇಕು. ಪರೀಕ್ಷೆಯಲ್ಲಿ "ಫಂಕ್ಷನ್ ಎಂದರೇನು" ಎಂಬ ಎರಡು ಅಂಕದ ಪ್ರಶ್ನೆಗೆ ಇದು ಬರುವುದಿಲ್ಲ, ಆದರೆ ಕೆಲಸಕ್ಕೆ ಸೇರಿದ ಮೇಲೆ ದಿನಾ ಬರುತ್ತದೆ.

ನಿಮ್ಮ ಪ್ರೋಗ್ರಾಂಗಳಲ್ಲೂ ಈ ಗುಂಡಿಗಳಿವೆ. ಅರೇಯಲ್ಲಿ ಒಂದು ಸಂಖ್ಯೆ ಹುಡುಕಿ ಅದರ ಸ್ಥಾನ ಹಿಂತಿರುಗಿಸುವ ಪ್ರೋಗ್ರಾಂ ಎಲ್ಲರೂ ರೆಕಾರ್ಡ್ ಪುಸ್ತಕದಲ್ಲಿ ಬರೆದಿದ್ದೀರಿ. ಸಿಗದಿದ್ದರೆ 0 ಕೊಟ್ಟವರು ಎಷ್ಟು ಜನ? ಸ್ಥಾನಗಳು 0ಯಿಂದಲೇ ಶುರುವಾಗುತ್ತವೆ, ಮೊದಲನೆಯ ಸ್ಥಾನದಲ್ಲಿ ಸಿಕ್ಕರೆ ಏನು ಮಾಡುತ್ತೀರಿ? ಪೈಥಾನ್‌ನಲ್ಲಿ ಫೈಂಡ್ ಎಂಬ ಮೆಥಡ್ ಪದ ಸಿಗದಿದ್ದರೆ -1 ಕೊಡುತ್ತದೆ. ಒಳ್ಳೆಯದೇ. ಆದರೆ ಪೈಥಾನ್‌ನಲ್ಲಿ -1 ಎಂಬುದು ಕೊನೆಯ ಅಕ್ಷರದ ಸ್ಥಾನವೂ ಹೌದು. ಪರೀಕ್ಷಿಸದೆ ಅದನ್ನೇ ಸ್ಥಾನವಾಗಿ ಬಳಸಿದರೆ ದೋಷ ಸಂದೇಶವೇ ಬರದೆ ಕೊನೆಯ ಅಕ್ಷರ ಸಿಗುತ್ತದೆ. ಇಂಡೆಕ್ಸ್ ಎಂಬ ಇನ್ನೊಂದು ಮೆಥಡ್ ಸಿಗದಿದ್ದರೆ ಅಲ್ಲಿಯೇ ದೋಷ ಎತ್ತಿ ನಿಲ್ಲಿಸುತ್ತದೆ. ಯಾವುದನ್ನು ಯಾವಾಗ ಬಳಸಬೇಕು ಎಂದು ಯೋಚಿಸಿ ಬನ್ನಿ, ನನಗಂತೂ ಹೊಸಬರಿಗೆ ಎರಡನೆಯದೇ ಕ್ಷೇಮ ಅನಿಸುತ್ತದೆ.

ಲ್ಯಾಬಿನಲ್ಲಿ ಉಬುಂಟು ಇರುವ ಯಂತ್ರಗಳಲ್ಲಿ ಪ್ರೋಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲ್ ತೆರೆದು ನೋಡಿ. ಸಾಲುಗಳ ನಡುವೆ ಹಾರ್ಡ್‌ವೇರ್ ಕರಪ್ಟೆಡ್ ಎಂಬ ಒಂದು ಸಾಲು ಇರುತ್ತದೆ. ವಿಷ ತಗುಲಿದೆ ಎಂದು ಕರ್ನಲ್ ಗುರುತು ಹಾಕಿದ ಪುಟಗಳ ಒಟ್ಟು ಗಾತ್ರ ಅದು. ಬಹುಶಃ 0 ಎಂದೇ ಇರುತ್ತದೆ. ಆದರೆ ಆ ಯಂತ್ರಗಳಲ್ಲಿ ಇಸಿಸಿ ಮೆಮರಿ ಇಲ್ಲ ಎಂದು ಮೇಲೆ ಹೇಳಿದ್ದೆ. ಹಾಗಾದರೆ ಆ 0ಯ ಅರ್ಥ "ಏನೂ ಕೆಟ್ಟಿಲ್ಲ" ಎಂದೋ, "ಕೆಟ್ಟಿದ್ದರೂ ನನಗೆ ಕಾಣುವುದಿಲ್ಲ" ಎಂದೋ?

ಇನ್ನು ನನ್ನ ಪ್ರೋಗ್ರಾಂ. ಆ ದಿನವೇ ಪಟ್ಟಿ ಇಳಿಸಿ, 26 ಎಂದು ತಿದ್ದಿದ ಹೊಸ ಪಟ್ಟಿ ಹಾಕಿದೆವು, ತರಗತಿಯಲ್ಲಿ ತಪ್ಪು ನನ್ನದೆಂದೂ ಹೇಳಿದೆ. ನೋಂದಣಿ ಸಂಖ್ಯೆ ಸಿಗದಿದ್ದರೆ -1 ಕೊಡುವಂತೆ ಫಂಕ್ಷನ್ ಬದಲಾಯಿಸಿದೆ. ಒಂದು ವಾರದ ಬಳಿಕ ತರಗತಿಯ ಸರಾಸರಿ ತೆಗೆದಾಗ ಲೆಕ್ಕ ಸ್ವಲ್ಪ ಕಡಿಮೆ ಬಂತು. ಅದೇ ಫಂಕ್ಷನ್ನನ್ನು ಸರಾಸರಿ ತೆಗೆಯುವ ಭಾಗವೂ ಕರೆಯುತ್ತಿತ್ತು, ಸಿಗದವರ -1 ಅನ್ನು ಒಟ್ಟು ಮೊತ್ತಕ್ಕೆ ಕೂಡಿಸುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವಳು ಆ ಹುಡುಗಿಯೇ. ಕಾಗದದ ಮೇಲೆ ಕೂಡಿಸಿ ತಂದು ತೋರಿಸಿದಳು. ಈ ಸಲ ಬಾಗಿಲಲ್ಲಿ ನಿಲ್ಲದೆ ನೇರವಾಗಿ ಒಳಗೆ ಬಂದಿದ್ದಳು.